ಹುರುಪು ಹೋಗಿದೆಯಾ? ಮೊದಲು ಬಾಕಿ ಎಷ್ಟಿದೆ ನೋಡಿ

ಜಾಹೀರಾತು ಬರೆಯುವ ಹುಡುಗ ಹುಡುಗಿಯರು ಆಗಾಗ ಮಾತಾಡಲು ಬರುತ್ತಾರೆ. ಹೆಚ್ಚಿನವರು ಫ್ರೀಲ್ಯಾನ್ಸ್ ಮಾಡುವವರು, ಕೆಲವರು ಏಜೆನ್ಸಿಯವರು. ಎಲ್ಲರದೂ ಹೆಚ್ಚುಕಡಿಮೆ ಒಂದೇ ಮಾತು. "ಮೊದಲಿನ ಹುರುಪಿಲ್ಲ ಮೇಡಂ. ಲ್ಯಾಪ್‌ಟಾಪ್ ತೆಗೆದರೇ ಬೇಜಾರು." ಅದಕ್ಕೆ ನಾನು ಕೇಳುವ ಮೊದಲ ಪ್ರಶ್ನೆ: "ಯಾರ್ಯಾರಿಂದ ಎಷ್ಟು ದುಡ್ಡು ಬರಬೇಕು?"

ಇದನ್ನು ಯಾರೂ ನಿರೀಕ್ಷಿಸಿರುವುದಿಲ್ಲ. ಫೋನ್ ತೆಗೆದು ಲೆಕ್ಕ ಹಾಕುತ್ತಾರೆ. ಎರಡು ಮೂರು ತಿಂಗಳ ಮನೆ ಬಾಡಿಗೆಯಷ್ಟು ಹಣ ಯಾರದೋ ಅಕೌಂಟ್ಸ್ ವಿಭಾಗದಲ್ಲಿ ಕೂತಿರುತ್ತದೆ. ಇವರು ಅದನ್ನು ಬಿಟ್ಟು ಬೆಳಿಗ್ಗೆ ಐದಕ್ಕೆ ಏಳುವುದು ಹೇಗೆ ಅಂತ ವಿಡಿಯೊ ನೋಡುತ್ತಿರುತ್ತಾರೆ. ಮಾಡಿದ ಕೆಲಸಕ್ಕೆ ಕಾಸು ಬರದಿದ್ದರೆ ಯಾರಿಗೆ ತಾನೇ ಕೈ ಓಡುತ್ತದೆ?

ಹಾಗಾಗಿ ದುಡ್ಡಿನ ವಿಷಯ ಮೊದಲು. 2006ರ ಎಂಎಸ್‌ಎಂಇಡಿ ಕಾಯ್ದೆ, ಅಂದರೆ ಸಣ್ಣ ಉದ್ಯಮಗಳ ಕಾಯ್ದೆ, ಬರೀ ಫ್ಯಾಕ್ಟರಿಗಳಿಗೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ, ಸೇವೆ ಕೊಡುವ ಸಣ್ಣವರಿಗೂ ಅದು ಅನ್ವಯಿಸುತ್ತದೆ. ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್ ಮತ್ತು ಪ್ಯಾನ್ ಕೊಟ್ಟು ನೋಂದಾಯಿಸಿಕೊಳ್ಳಬಹುದು, ಫೀಸ್ ಇಲ್ಲ. ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಆಗಿದ್ದರೆ ಮುಂದೆ ತಕರಾರು ಕಡಿಮೆ.

ಕಾಯ್ದೆ ಹೇಳುವುದು ಇಷ್ಟು. ನೀವು ತಲುಪಿಸಿದ ಕೆಲಸವನ್ನು ಕ್ಲೈಂಟ್ ಒಪ್ಪಿಕೊಂಡ ದಿನದಿಂದ ಲೆಕ್ಕ. ಬರವಣಿಗೆಯಲ್ಲಿ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಅಷ್ಟರೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಸೇರುವ ಚಕ್ರಬಡ್ಡಿ. ಇನ್ನೊಂದು ಅಂಶ ನಮ್ಮ ಕಸುಬಿಗೆ ತುಂಬಾ ಬೇಕಾದದ್ದು. ಕೆಲಸ ತಲುಪಿಸಿದ 15 ದಿನದೊಳಗೆ ಕ್ಲೈಂಟ್ ಲಿಖಿತವಾಗಿ ಆಕ್ಷೇಪ ಹೇಳದಿದ್ದರೆ, ತಲುಪಿಸಿದ ದಿನವೇ ಒಪ್ಪಿಕೊಂಡ ದಿನ ಅಂತ ಲೆಕ್ಕ. "ಇನ್ನೂ ನಮ್ಮ ಬಾಸ್ ನೋಡಿಲ್ಲ" ಅಂತ ಎರಡು ತಿಂಗಳು ತಳ್ಳುವವರಿಗೆ ಈ ಸಾಲು ಗೊತ್ತಿರುವುದಿಲ್ಲ. ಅದಕ್ಕೇ ಕಾಪಿಯನ್ನು, ಅಂದರೆ ಬರೆದ ಜಾಹೀರಾತನ್ನು, ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ ಕಳಿಸಬೇಡಿ. ಮೇಲ್ ಮಾಡಿ, ತಾರೀಖು ಉಳಿಯುತ್ತದೆ.

ಇದರ ಜೊತೆಗೆ ಆದಾಯ ತೆರಿಗೆಯಲ್ಲೂ ಒಂದು ನಿಯಮ ಬಂದಿದೆ. 2024-25ರ ಅಸೆಸ್‌ಮೆಂಟ್ ವರ್ಷದಿಂದ, ಸಣ್ಣ ಉದ್ಯಮಗಳಿಗೆ ಹೊತ್ತಿಗೆ ಸರಿಯಾಗಿ ಕೊಡದ ಹಣವನ್ನು ಕಂಪನಿ ಆ ವರ್ಷದ ಖರ್ಚು ಅಂತ ತೋರಿಸುವ ಹಾಗಿಲ್ಲ, ಕೊಟ್ಟ ವರ್ಷದಲ್ಲಷ್ಟೇ ತೋರಿಸಬೇಕು. ಅಕೌಂಟ್ಸ್‌ನವರಿಗೆ ಇದು ಚೆನ್ನಾಗಿ ಗೊತ್ತು. ನಮಗೂ ಗೊತ್ತಿದೆ ಅಂತ ಅವರಿಗೆ ತಿಳಿಯಬೇಕು, ಅಷ್ಟೇ. ನಾನು ಹೇಳಿಕೊಡುವ ಮೇಲ್ ಹೀಗಿರುತ್ತದೆ: "ನಮಸ್ಕಾರ ಸರ್. ಇಂಥ ತಾರೀಖಿಗೆ ತಲುಪಿಸಿದ ಕೆಲಸಕ್ಕೆ ನಾಳೆಗೆ 45 ದಿನ. ನನ್ನ ಉದ್ಯಮ್ ನಂಬರ್ ಇನ್‌ವಾಯ್ಸ್‌ನಲ್ಲೇ ಇದೆ. ಯಾವ ದಿನ ಹಣ ಬರುತ್ತದೆ ಅಂತ ತಿಳಿಸುತ್ತೀರಾ?" ಬೈಗುಳ ಬೇಡ, ಅಂಗಲಾಚುವುದೂ ಬೇಡ. ಅದಕ್ಕೂ ಬಗ್ಗದಿದ್ದರೆ ಸಣ್ಣ ಉದ್ಯಮಗಳ ಬಾಕಿ ಹಣಕ್ಕೆ ಅಂತಲೇ ಇರುವ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಅದು ಇಂಥ ತಕರಾರು ಬಗೆಹರಿಸುವ ರಾಜ್ಯದ ಕೌನ್ಸಿಲ್‌ಗೆ ಹೋಗುತ್ತದೆ. ದೂರು ಕೊಟ್ಟ ಮೇಲೆ ಆ ಕ್ಲೈಂಟ್ ಮತ್ತೆ ಕರೆಯುವುದು ಅನುಮಾನ. ಹಾಗಂತ ದುಡ್ಡೇ ಕೊಡದವನು ಕರೆದು ಏನಾಗಬೇಕು?

ದುಡ್ಡು ಸರಿಯಾಗಿ ಬರುತ್ತಿದ್ದರೂ ಕುಗ್ಗಿಹೋದವರು ಇರುತ್ತಾರೆ. ಅವರದು ರಿಜೆಕ್ಷನ್ ಕಥೆ. ಒಬ್ಬ ಹುಡುಗಿ ಜಯನಗರದ ಕಡೆಯ ಒಂದು ಸಾರಿನ ಪುಡಿ ಕಂಪನಿಗೆ ಬರೆಯುತ್ತಿದ್ದಳು. ಎಷ್ಟು ಸುತ್ತು ಕಳಿಸಿದರೂ ಮಾಲೀಕರದು ಒಂದೇ ಉತ್ತರ, "ಪಂಚ್ ಸಾಲ್ತಿಲ್ಲಮ್ಮ." ಬ್ರೀಫ್‌ನಲ್ಲಿ, ಅಂದರೆ ಏನು ಬರೆಯಬೇಕು ಅಂತ ಕ್ಲೈಂಟ್ ಕೊಟ್ಟ ಸೂಚನೆಯಲ್ಲಿ, ಇದ್ದದ್ದು ಸಂಪ್ರದಾಯ, ಶುದ್ಧತೆ, ಅಮ್ಮನ ಕೈರುಚಿ. (ಅಮ್ಮನ ಕೈರುಚಿಗೆ ಐದು ವರ್ಷ ನಿಷೇಧ ಹೇರಿದರೆ ಕನ್ನಡ ಜಾಹೀರಾತಿಗೆ ದೊಡ್ಡ ಉಪಕಾರ ಆದೀತು.) "ನಂಗೆ ಬರೆಯೋಕೇ ಬರಲ್ವೇನೋ ಮೇಡಂ" ಅಂತ ಕೂತಿದ್ದಳು.

ಇನ್ನೊಂದು ಸಾಲೂ ಬರೆಯಬೇಡ ಅಂದೆ. ಮಾಲೀಕರಿಗೆ ಫೋನ್ ಮಾಡಿ, "ಅಂಗಡಿಯವರು ಏನಂತಾರೆ ಸರ್?" ಅಂತ ಮಾತ್ರ ಕೇಳು. ಕೇಳಿದಳು. ಅವರು ಅರ್ಧ ಗಂಟೆ ಮಾತಾಡಿದರು. ಪಕ್ಕದ ಪ್ಯಾಕೆಟ್‌ಗಿಂತ ಇವರದು ರೇಟು ಜಾಸ್ತಿ, ಅಂಗಡಿಯವರು ಮುಂದೆ ಇಡುತ್ತಿಲ್ಲ. ಯಾಕೆ ಜಾಸ್ತಿ? ಮಸಾಲೆ ಗಟ್ಟಿ, ಹಾಗಾಗಿ ನಾಲ್ಕು ಜನರ ಸಾರಿಗೆ ಒಂದು ಚಮಚ ಹಾಕಿದರೆ ಆಯಿತು. ಬೇರೆಯವರದು ಎರಡು ಬೇಕು. ಬ್ರೀಫ್‌ನಲ್ಲಿ ಇದರ ಸುಳಿವೇ ಇರಲಿಲ್ಲ. ಅವಳು "ನಾಲ್ಕು ಜನಕ್ಕೆ ಒಂದೇ ಚಮಚ" ಅಂತ ಬರೆದಳು. ಪ್ರಾಸ ಇಲ್ಲ, ಪಂಚೂ ಇಲ್ಲ. ಅವತ್ತು ಸಂಜೆಯೇ ಓಕೆ ಆಯಿತು.

ಅಂದರೆ ಅಷ್ಟು ದಿನ ತಿರಸ್ಕಾರ ಆಗುತ್ತಿದ್ದದ್ದು ಅವಳ ಕನ್ನಡ ಅಲ್ಲ. ಮಾಲೀಕರ ತಲೆನೋವು ರೇಟು, ಇವಳು ಕೊಡುತ್ತಿದ್ದ ಮದ್ದು ಬೇರೆ. ಕ್ಲೈಂಟ್‌ಗೆ ತನಗೇನು ಬೇಕು ಅಂತ ಹೇಳಲು ಬರುವುದಿಲ್ಲ. ಬಂದಿದ್ದರೆ ನಮ್ಮನ್ನು ಯಾಕೆ ಕರೆಯುತ್ತಿದ್ದರು? ಎರಡು ಸುತ್ತಿನಲ್ಲಿ ಒಪ್ಪಿಗೆ ಆಗದಿದ್ದರೆ ಮೂರನೆಯದಕ್ಕೆ ಪೆನ್ನು ಹಿಡಿಯಬೇಡಿ, ಫೋನ್ ಹಿಡಿಯಿರಿ. ಇಡೀ ರಾತ್ರಿ ಕೂತು ಇನ್ನೂ ಇಪ್ಪತ್ತು ಆಪ್ಷನ್ ಬರೆಯುವುದನ್ನು ಕೆಲವರು ಛಲ ಅನ್ನುತ್ತಾರೆ. ನನ್ನ ಕಣ್ಣಿಗೆ ಅದು ಸುಮ್ನೆ ಸುಸ್ತು.

ಕೆಲಸ ಹೋದವರಿಗೆ ಹೇಳುವುದು ಕಡಿಮೆ. 1864ರಲ್ಲಿ ಶುರುವಾದ ಜೆ. ವಾಲ್ಟರ್ ಥಾಂಪ್ಸನ್ ಏಜೆನ್ಸಿಯನ್ನು 2018ರಲ್ಲಿ ವಂಡರ್‌ಮನ್ ಜೊತೆ ಸೇರಿಸಿದರು. 2023ರಲ್ಲಿ ಅದನ್ನೂ ಇನ್ನೊಂದರ ಜೊತೆ ಸೇರಿಸಿ ವಿಎಂಎಲ್ ಅಂತ ಹೆಸರಿಟ್ಟರು. ಅಷ್ಟು ದೊಡ್ಡ ಹೆಸರೇ ಬೋರ್ಡಿನಿಂದ ಇಳಿಯುವ ಉದ್ಯಮ ಇದು. ಇಂಥ ತೀರ್ಮಾನ ಮಾಡುವವರು ನಿಮ್ಮ ಹೆಡ್‌ಲೈನ್ ಓದಿರುವುದೂ ಇಲ್ಲ. ಕೆಲಸ ಹೋದ ವಾರವೇ ಪೋರ್ಟ್‌ಫೋಲಿಯೊ ತಿದ್ದಲು ಕೂರಬೇಡಿ. ಪಿಎಫ್, ಬಾಕಿ ರಜೆಯ ಹಣ, ರಿಲೀವಿಂಗ್ ಲೆಟರ್, ಇವುಗಳ ಕೆಲಸ ಮೊದಲು ನೋಡಿ.

ಇನ್ನು ಕರೆಗಳೇ ಬಾರದ ತಿಂಗಳುಗಳು. ಬೆಂಗಳೂರಿನಲ್ಲಿ ನಮ್ಮ ಕೆಲಸ ಹಬ್ಬದ ಲೆಕ್ಕದಲ್ಲಿ ನಡೆಯುತ್ತದೆ. ವರಮಹಾಲಕ್ಷ್ಮಿಯ ಸೀರೆ, ಒಡವೆ ಜಾಹೀರಾತನ್ನು ಬರೆಯುವುದು ಆಷಾಢದಲ್ಲೇ. ಆಗ ಬಟ್ಟೆ ಅಂಗಡಿಯವರ ಆಷಾಢ ಸೇಲ್ ಬೇರೆ ಇರುತ್ತದೆ. ಅಪಾರ್ಟ್‌ಮೆಂಟ್ ಲಾಂಚ್‌ಗಳನ್ನು ಶ್ರಾವಣಕ್ಕೆ ಕಾಯಿಸಿದರೂ ಬರೆಯುವ ಕೆಲಸ ಮೊದಲೇ ಬರುತ್ತದೆ. ಆಷಾಢದಲ್ಲಿ ಫೋನ್ ಸುಮ್ಮನಿದ್ದರೆ ಯೋಚನೆ ಮಾಡಿ, ಹಳೇ ಕ್ಲೈಂಟ್‌ಗಳಿಗೆ ನೀವೇ ಫೋನ್ ಮಾಡಿ. ದೀಪಾವಳಿ ಮುಗಿದ ಮೇಲೆ ಸುಮ್ಮನಿದ್ದರೆ ಅದು ನಿಮ್ಮೊಬ್ಬರ ಕಥೆಯಲ್ಲ. ಊರಿಗೆ ಹೋಗಿ ಬನ್ನಿ.

ಎಐ ಬಗ್ಗೆ ಕೇಳದೆ ಯಾರೂ ಎದ್ದು ಹೋಗುವುದಿಲ್ಲ. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಪ್ರಾಡಕ್ಟ್ ವಿವರಣೆಯಂಥ ಕೆಲಸದ ರೇಟು ಬಿದ್ದದ್ದು ನಿಜ, ಅದು ಮತ್ತೆ ಏಳುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಆದರೆ ಸಾರಿನ ಪುಡಿ ಮಾಲೀಕರಿಗೆ ಫೋನ್ ಮಾಡಿ ಅರ್ಧ ಗಂಟೆ ಕೇಳಿಸಿಕೊಳ್ಳುವವರು ಇವತ್ತಿಗೂ ಬೇಕು. ಎಐ ಬರೆದದ್ದನ್ನು ಕಳಿಸಿ "ಸ್ವಲ್ಪ ನೋಡಿ ಕೊಡಿ" ಅನ್ನುವವರಿಗೆ ತಿದ್ದುವ ರೇಟು ಹೇಳಬೇಡಿ. ಹೊಸದಾಗಿ ಬರೆಯುವಷ್ಟೇ ಕೆಲಸ ಇರುತ್ತದೆ, ಅದೇ ರೇಟು ಹೇಳಿ.

ಕೊನೆಗೆ ಪಿಚ್, ಅಂದರೆ ಕೆಲಸ ಸಿಗಲಿ ಅಂತ ಕ್ಲೈಂಟ್ ಮುಂದೆ ಐಡಿಯಾ ಇಡುವುದು. ಇದರಷ್ಟು ಮನಸ್ಸು ಮುರಿಯುವುದು ಬೇರೆ ಇಲ್ಲ. ಪುಕ್ಕಟೆ ಕೆಲಸ ಮಾಡಿ, ಸೋತು, ಆರು ತಿಂಗಳ ಮೇಲೆ ನಮ್ಮದೇ ಐಡಿಯಾವನ್ನು ಔಟರ್ ರಿಂಗ್ ರೋಡಿನ ಹೋರ್ಡಿಂಗ್‌ನಲ್ಲಿ ನೋಡಬೇಕು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಫ್ರೀಲ್ಯಾನ್ಸರ್ ಬರೆದ ಕಾಪಿಯ ಹಕ್ಕು ಬರವಣಿಗೆಯಲ್ಲಿ ಬಿಟ್ಟುಕೊಡುವ ತನಕ ಅವರದ್ದೇ. ಆದರೆ ಬರೀ ಐಡಿಯಾಗೆ ಕಾಪಿರೈಟ್ ಇಲ್ಲ, ಒಂದೆರಡು ಪದದ ಟ್ಯಾಗ್‌ಲೈನ್‌ಗೂ ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ಹೋಗುವ ಮೊದಲೇ ಕೇಳಿ: ಎಷ್ಟು ಜನರನ್ನು ಕರೆದಿದ್ದೀರಿ, ತೀರ್ಮಾನ ಮಾಡುವವರು ಆ ಕೋಣೆಯಲ್ಲಿ ಇರುತ್ತಾರಾ, ಪಿಚ್ ಫೀ ಎಷ್ಟು? ಫೀ ಇಲ್ಲ ಅಂದರೆ ಹಳೆಯ ಕೆಲಸ ತೋರಿಸಿ, ಯೋಚನೆಯ ದಾರಿಯನ್ನು ಬಾಯಲ್ಲಿ ಹೇಳಿ. ಬರೆದ ಸಾಲುಗಳನ್ನು ಬ್ಯಾಗಿನಿಂದ ತೆಗೆಯಬೇಡಿ.