ಹಡಗಿನ ಮೈಮೇಲಿನ ಸಂಖ್ಯೆ ಎಣಿಕೆಯಲ್ಲ

ಬಾಹ್ಯಾಕಾಶ ಯುದ್ಧದ ಕಾದಂಬರಿ, ಕಂಪ್ಯೂಟರ್ ಆಟಗಳನ್ನು ಬರೆಯುವವರು ನಮ್ಮಲ್ಲಿ ಈಗ ಸಾಕಷ್ಟಿದ್ದಾರೆ. ನೌಕಾಪಡೆಯ ಸಂಪರ್ಕ ವಿಭಾಗದಲ್ಲಿ ದುಡಿದು ನಿವೃತ್ತನಾದವನು ಎಂಬ ಕಾರಣಕ್ಕೆ ಅವರ ಕರಡುಗಳು ನನ್ನ ಮೇಜಿಗೆ ಬರುತ್ತವೆ. ಎಂಜಿನ್ನಿನ ವಿಜ್ಞಾನ ನೋಡಲು ಬೇರೆಯವರಿದ್ದಾರೆ. ಹಡಗುಗಳ ಹೆಸರು, ಸಂಖ್ಯೆ, ಸಂದೇಶಗಳ ಒಕ್ಕಣೆ ನನ್ನ ಪಾಲಿನವು. ಹಡಗುಗಳ ಪಟ್ಟಿ ತೆರೆದೊಡನೆ ಕಾಣುವುದು ಇದು: ಮಹಾದಂಡನಾಯಕನ ಹಡಗಿಗೆ 001, ಅವನ ಬಲಗೈ ಬಂಟನದಕ್ಕೆ 002, ಹೀಗೆ ಒಂದೂ ತಪ್ಪದೆ 240ರವರೆಗೆ. ಕೊನೆಯ ಅಧ್ಯಾಯದಲ್ಲಿ ಕಟ್ಟುವ ಹೊಸ ಹಡಗಿಗೆ 241. ನೌಕಾಪಡೆಯ ಬದಲು ಶಾಲೆಯ ಹಾಜರಿ ಪುಸ್ತಕವನ್ನು ಓದಿದಂತಾಗುತ್ತದೆ.

ಬಿಡಿಸಿ ಹೇಳಿ ಕಳಿಸುತ್ತೇನೆ. ಮುಂದಿನ ಕರಡಿನಲ್ಲಿ 001 ಇದ್ದದ್ದು 1001 ಆಗಿರುತ್ತದೆ. ಹಾಗಾಗಿ ಇನ್ನೊಮ್ಮೆ ಹೇಳುತ್ತೇನೆ. ಹಡಗಿನ ಮೈಮೇಲಿನ ಸಂಖ್ಯೆ ಅದು ಎಷ್ಟನೆಯದು ಎಂದು ಹೇಳುವುದಿಲ್ಲ. ಎಷ್ಟು ಹಳೆಯದು, ಎಷ್ಟು ದೊಡ್ಡದು ಎಂದೂ ಹೇಳುವುದಿಲ್ಲ. ಇದು ಯಾವ ಹಡಗು ಎಂದಷ್ಟೇ ಹೇಳುತ್ತದೆ.

ನಮ್ಮ ಐಎನ್‌ಎಸ್ ಮೈಸೂರನ್ನೇ ನೋಡಿ. ದೆಹಲಿ ವರ್ಗದ ಡೆಸ್ಟ್ರಾಯರ್‌ಗಳಲ್ಲಿ ಮೊದಲು ಸೇವೆಗೆ ಸೇರಿದ್ದು 1997ರಲ್ಲಿ ಐಎನ್‌ಎಸ್ ದೆಹಲಿ, ಅದರ ಸಂಖ್ಯೆ ಡಿ61. ಮೈಸೂರು ಬಂದದ್ದು 1999ರಲ್ಲಿ, ಅದರ ಸಂಖ್ಯೆ ಡಿ60. ತಮ್ಮನ ಸಂಖ್ಯೆ ಅಣ್ಣನಿಗಿಂತ ಹಿಂದೆ! ಲೆಕ್ಕಿಗರಿಗೆ ಇದು ತಪ್ಪಾಗಿ ಕಾಣಬಹುದು, ನೌಕಾಪಡೆಯ ನೆನಪು ಇರುವವರಿಗೆ ಕಾಣುವುದಿಲ್ಲ. ಇದಕ್ಕೂ ಮೊದಲು ಇದೇ ಹೆಸರಿನ ಕ್ರೂಸರ್ ಒಂದಿತ್ತು. ಬ್ರಿಟಿಷರ ನೈಜೀರಿಯಾ ಎಂಬ ಹಡಗನ್ನು ಕೊಂಡು, 1957ರಲ್ಲಿ ಮೈಸೂರು ಎಂದು ಹೆಸರಿಟ್ಟು ಸೇವೆಗೆ ಸೇರಿಸಿಕೊಂಡಿದ್ದರು. ನೈಜೀರಿಯಾ ಆಗಿದ್ದಾಗಲೂ ಅದರ ಸಂಖ್ಯೆ 60, ಮೈಸೂರು ಆದಮೇಲೂ 60. ಹೊಸ ಹಡಗಿನ ಲಾಂಛನದಲ್ಲಿ ಗಂಡಭೇರುಂಡವಿದೆ, ಪಾರ್ಶ್ವದಲ್ಲಿ ಆ ಹಳೆಯ 60 ಇದೆ. ಎರಡೂ ಪಿತ್ರಾರ್ಜಿತ.

ವಿಮಾನವಾಹಕಗಳ ಕಥೆ ಇನ್ನೂ ಮಜವಾಗಿದೆ. ವಿಕ್ರಾಂತ್ ಆರ್11, ವಿರಾಟ್ ಆರ್22, ವಿಕ್ರಮಾದಿತ್ಯ ಆರ್33. ಸಂಖ್ಯೆಯನ್ನು ಎಣಿಕೆ ಎಂದು ನಂಬುವ ಶತ್ರು ಭಾರತದ ಬಳಿ ಮೂವತ್ತಮೂರು ವಿಮಾನವಾಹಕಗಳಿವೆ ಎಂದು ಹೆದರಿ ಓಡಬೇಕಿತ್ತು. 1961ರಲ್ಲಿ ಸೇವೆಗೆ ಬಂದು 1997ರಲ್ಲಿ ನಿವೃತ್ತವಾದ ವಿಕ್ರಾಂತದ 11, 2022ರಲ್ಲಿ ಕೊಚ್ಚಿಯಲ್ಲಿ ಸೇವೆಗೆ ಸೇರಿದ ಹೊಸ ವಿಕ್ರಾಂತಕ್ಕೆ ಬಂತು. ಹೆಸರು ಮತ್ತು ಸಂಖ್ಯೆ ಒಟ್ಟಿಗೇ ಮರಳಿದವು. ಈ ಮೂರು ಹೆಸರುಗಳೂ ‘ವಿ’ಯಿಂದಲೇ ಶುರುವಾಗುತ್ತವೆ ಎಂಬುದನ್ನು ಗಮನಿಸಿ. ಗದ್ದಲದ ರೇಡಿಯೋದಲ್ಲಿ ವಿಕ್ರಾಂತ್ ಮತ್ತು ವಿಕ್ರಮಾದಿತ್ಯ ಎಂಬ ಹೆಸರುಗಳ ಮೊದಲರ್ಧ ಒಂದೇ ಆಗಿ ಕೇಳಿಸುತ್ತದೆ. 11 ಮತ್ತು 33 ಹಾಗೆ ಕೇಳಿಸುವುದಿಲ್ಲ.

“ಆದರೆ ಸರ್, ಅಮೆರಿಕದವರು ಸಾಲಾಗಿಯೇ ಕೊಡುತ್ತಾರಲ್ಲ?” ಎಂದು ಚುರುಕು ಬುದ್ಧಿಯವರು ಕೇಳುತ್ತಾರೆ. ಬಹುಮಟ್ಟಿಗೆ ನಿಜ. 1920ರಿಂದ ಅವರದು ಬೇರೆ ಪದ್ಧತಿ: ಹಡಗಿನ ಬಗೆಗೆ ಅಕ್ಷರಗಳು, ಮುಂದೆ ಕ್ರಮಸಂಖ್ಯೆ. ಎಲ್ಲ ನೌಕಾಪಡೆಗಳಿಗೂ ಒಂದೇ ನಿಯಮ ಎಂದು ನಾನು ಹೇಳುವುದಿಲ್ಲ. ಆದರೆ ಆ ಸಾಲನ್ನೂ ಹತ್ತಿರದಿಂದ ನೋಡಿ. ವಿಮಾನವಾಹಕಗಳಲ್ಲಿ 58ನೆಯದು ಕಡಲಿಗೆ ಇಳಿಯಲೇ ಇಲ್ಲ. 1949ರ ಏಪ್ರಿಲ್‌ನಲ್ಲಿ ತಳಪಾಯ ಹಾಕಿದ ಐದೇ ದಿನಕ್ಕೆ ರದ್ದಾಯಿತು. ಸಂಖ್ಯೆ ಮಾತ್ರ ಆ ಹುಟ್ಟದ ಹಡಗಿನ ಹೆಸರಲ್ಲೇ ಉಳಿಯಿತು. ಅವರ ದಾಳಿ ಜಲಾಂತರ್ಗಾಮಿಗಳಲ್ಲಿ ಲಾಸ್ ಏಂಜಲೀಸ್ ವರ್ಗ 688ರಿಂದ 773ರವರೆಗೆ ಹೋಯಿತು. ಅದರ ಬೆನ್ನಿಗೆ ಬಂದ ಸೀವುಲ್ಫ್‌ಗೆ ಕೊಟ್ಟದ್ದು 21! ಇಪ್ಪತ್ತೊಂದನೆಯ ಶತಮಾನದ ಜಲಾಂತರ್ಗಾಮಿ ಎಂದು ಯೋಜನೆಗೆ ಇಟ್ಟಿದ್ದ ಗುರುತು ಹಡಗಿಗೇ ಅಂಟಿಕೊಂಡಿತು. ಅದರ ಹಿಂದೆ 22, 23 ಬಂದವು. ಮುಂದಿನ ವರ್ಗದ ವರ್ಜೀನಿಯಾ ಏನೂ ಆಗದವರಂತೆ 774 ಹಿಡಿದು ಬಂತು. ಇಂಥದ್ದನ್ನು ಲೇಖಕರೊಬ್ಬರು ಕಲ್ಪಿಸಿ ಬರೆದರೆ ಸಂಪಾದಕರು ತಿದ್ದಿಬಿಡುತ್ತಿದ್ದರು.

ಸಾಲು ತಪ್ಪಲು ಆಡಳಿತದ ಗೊಂದಲವೊಂದೇ ಕಾರಣವಲ್ಲ. ಬ್ರಿಟಿಷ್ ಫ್ರಿಗೇಟ್ ಲ್ಯಾಂಕಾಸ್ಟರ್‌ಗೆ ಮೊದಲು ಎಫ್232 ಎಂದು ಕೊಟ್ಟಿದ್ದರು. ಹಡಗು ನೆಲಕ್ಕೆ ತಾಗಿದಾಗ ವರದಿ ಬರೆಯುವ ನಮೂನೆಯ ಸಂಖ್ಯೆಯೂ 232 ಎಂದು ಯಾರಿಗೋ ಹೊಳೆಯಿತು. ನಾವಿಕರಿಗೆ ಶಕುನದ ನಂಬಿಕೆ ಹೆಚ್ಚು. ಆ ಸಂಖ್ಯೆ ಹೊತ್ತ ಹಡಗನ್ನು ಹತ್ತುವುದಾದರೂ ಹೇಗೆ? ಎಫ್229 ಎಂದು ಬದಲಾಯಿಸಿದರು. ನಿಮ್ಮ ಮಂಗಳ ಗ್ರಹದ ನಾವಿಕರಿಗೂ ಇಂಥದ್ದೊಂದು ಅಪಶಕುನದ ಸಂಖ್ಯೆ ಇರಲಿ. ಯಾಕೆ ಎಂದು ವಿವರಿಸಲೇಬೇಕೆಂದಿಲ್ಲ.

ಇನ್ನು ಭದ್ರತೆಯ ಮಾತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ತಮ್ಮ ಟ್ಯಾಂಕುಗಳ ಭಾಗಗಳಿಗೆ ಶಿಸ್ತಾಗಿ ಕ್ರಮಸಂಖ್ಯೆ ಹಾಕುತ್ತಿದ್ದರು. ಕೈಗೆ ಸಿಕ್ಕ ಟ್ಯಾಂಕುಗಳ ಸಂಖ್ಯೆಗಳನ್ನು ಹಿಡಿದು ಮಿತ್ರಪಕ್ಷದ ಸಂಖ್ಯಾಶಾಸ್ತ್ರಜ್ಞರು ಲೆಕ್ಕ ಹಾಕಿದರು. 1942ರ ಆಗಸ್ಟ್ ತಿಂಗಳ ಉತ್ಪಾದನೆ 1,550 ಎಂದು ಗುಪ್ತಚರರ ಅಂದಾಜಿತ್ತು. ಸಂಖ್ಯಾಶಾಸ್ತ್ರಜ್ಞರು 327 ಎಂದರು. ಯುದ್ಧ ಮುಗಿದ ಮೇಲೆ ಜರ್ಮನ್ ಕಡತಗಳಲ್ಲಿ ಸಿಕ್ಕಿದ್ದು 342. ಅಷ್ಟು ಶಿಸ್ತಿನ ಸಾಲನ್ನು ಶತ್ರುವಿನ ಕೈಗೆ ಕೊಟ್ಟರೆ ಆಗುವುದು ಇದೇ. ಸೋವಿಯತ್ ನೌಕಾಪಡೆ ತನ್ನ ಹಡಗುಗಳ ಪಾರ್ಶ್ವದ ಸಂಖ್ಯೆಯನ್ನು ಆಗಾಗ ಅಳಿಸಿ ಬೇರೆ ಬರೆಯುತ್ತಿತ್ತು. ನಿಮ್ಮ ಕಥೆಯ ಶತ್ರುಪಾಳೆಯದಲ್ಲಿ ಕೃತಕ ಬುದ್ಧಿಮತ್ತೆಯ ಮಹಾಯಂತ್ರ ಇರುತ್ತದೆ, ಆದರೆ 001ರಿಂದ 240ರವರೆಗಿನ ಸಾಲನ್ನು ಕೂಡಿಸಲು ಅದಕ್ಕೆ ಬಾರದು!

ಹಾಗಾದರೆ ಸಂಖ್ಯೆ ಯಾರಿಗಾಗಿ? ಹೆಚ್ಚಾಗಿ ನಮ್ಮವರಿಗಾಗಿಯೇ. ಜೆಟ್ಟಿಯ ಮೇಲೆ ಲಾರಿಯಿಂದ ಇಳಿಸಿದ ಮರದ ಪೆಟ್ಟಿಗೆಯೊಂದನ್ನು ಊಹಿಸಿಕೊಳ್ಳಿ. ಒಳಗೆ ಒಂದು ಪಂಪಿನ ಸೀಲು, ಹೊರಗೆ ಅಚ್ಚಿನ ತಗಡು ಇಟ್ಟು ಬಿಳಿ ಬಣ್ಣದಲ್ಲಿ ಬಳಿದ ಒಂದು ಅಕ್ಷರ, ಎರಡು ಅಂಕೆ. ಮಳೆಗೆ ಬಣ್ಣ ಸ್ವಲ್ಪ ಇಳಿದಿದೆ, ಆದರೂ ಓದಬಹುದು. ಹೆಸರನ್ನೇ ಬರೆದಿದ್ದರೆ ಉಗ್ರಾಣದ ಒಬ್ಬೊಬ್ಬ ಗುಮಾಸ್ತ ಒಂದೊಂದು ಕಾಗುಣಿತದಲ್ಲಿ ಬರೆಯುತ್ತಿದ್ದ. ದಡದ ಹುಡುಗನಿಗೆ ಹಡಗಿನ ಇತಿಹಾಸ ಬೇಕಿಲ್ಲ. ಪೆಟ್ಟಿಗೆಯ ಮೇಲಿನ ಅಂಕೆ ಯಾವ ಹಡಗಿನ ಮೇಲಿದೆಯೋ ಅಲ್ಲಿಗೆ ಒಯ್ಯುತ್ತಾನೆ. ಹೆಲಿಕಾಪ್ಟರಿನವನಿಗೆ, ಟಗ್ ದೋಣಿಯವನಿಗೆ, ಸಂದೇಶ ಕಳಿಸುವವನಿಗೆ ಬೇಕಾದದ್ದೂ ಅಷ್ಟೇ.

ಹೆಸರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸರ್ವನಾಶಕ, ಮಹಾಪ್ರಳಯ, ರುದ್ರಭೀಕರ: ಇವು ಹಡಗನ್ನು ಎಂದೂ ಹತ್ತದವರು ಇಡುವ ಹೆಸರುಗಳು. ನಿಜವಾದ ನೌಕಾಪಡೆಗಳಲ್ಲಿ ಹೆಸರಿಡುವುದು ಸಮಿತಿ, ಸಮಿತಿಗೆ ಬೇಕಾದದ್ದು ಒಂದು ವಿಷಯ. ನಮ್ಮಲ್ಲಿ ಒಂದು ವರ್ಗಕ್ಕೆ ಬೆಟ್ಟಗಳು, ಇನ್ನೊಂದಕ್ಕೆ ನದಿಗಳು, ಮತ್ತೊಂದಕ್ಕೆ ಆಯುಧಗಳು. ಬ್ರಿಟಿಷರು ಮಹಾಯುದ್ಧದಲ್ಲಿ ಕಾರ್ವೆಟ್‌ಗಳಿಗೆ ಹೂವಿನ ಹೆಸರಿಟ್ಟು, ಜರ್ಮನ್ ಜಲಾಂತರ್ಗಾಮಿಗಳನ್ನು ಬೇಟೆಯಾಡಲು ಅಟ್ಲಾಂಟಿಕ್ಕಿಗೆ ಕಳಿಸಿದರು. ಹೂವಿನ ಹೆಸರು ಹೊತ್ತು ಗುಂಡು ಹಾರಿಸುವ ಹಡಗಿಗೆ ಇರುವ ಗತ್ತು ಸರ್ವನಾಶಕನಿಗೆ ಬರುವುದಿಲ್ಲ, ನನಗಂತೂ ಹಾಗನ್ನಿಸುತ್ತದೆ. ಮುಳುಗಿದ ಹಡಗಿನ ಹೆಸರನ್ನು ಮತ್ತೆ ಇಡಬಹುದೇ ಎಂದು ಹಲವರು ಹಿಂಜರಿಯುತ್ತಾರೆ. ಧಾರಾಳವಾಗಿ ಇಡಬಹುದು. 1971ರ ಡಿಸೆಂಬರ್ 9ರಂದು ದೀವ್ ಬಳಿ ಮುಳುಗಿದ ಖುಕ್ರಿಯ ಹೆಸರು 1989ರಲ್ಲಿ ಹೊಸ ಕಾರ್ವೆಟ್‌ಗೆ ಬಂತು.

ಇತ್ತೀಚೆಗೆ ಒಬ್ಬ ಹುಡುಗಿ ತನ್ನ ಆಟದ ಪಟ್ಟಿ ಕಳಿಸಿದ್ದಳು. ಗಸ್ತು ಹಡಗುಗಳಿಗೆಲ್ಲ ನಮ್ಮ ಪಶ್ಚಿಮವಾಹಿನಿ ಹೊಳೆಗಳ ಹೆಸರು: ಅಘನಾಶಿನಿ 14, ಶರಾವತಿ 15, ನೇತ್ರಾವತಿ 12, ಕುಮಾರಧಾರಾ 31. ಹದಿಮೂರು ಎಲ್ಲಿ ಎಂದು ಕೇಳಿದೆ. “ಅದನ್ನು ರದ್ದು ಮಾಡಿದರು, ಸರ್. ಹಣ ಸಾಲಲಿಲ್ಲ” ಎಂದಳು. ಕುಮಾರಧಾರಾ ಯಾಕೆ 31? ಬೇರೆ ಗ್ರಹದ ಪಡೆಯಿಂದ ಕೊಂಡ ಹಡಗು, ಹಳೆಯ ಸಂಖ್ಯೆಯನ್ನೇ ಉಳಿಸಿಕೊಂಡಿದ್ದಾರೆ. ಆಟದಲ್ಲಿ ಇದು ಯಾವುದೂ ಬರುವುದಿಲ್ಲವಂತೆ. ನಾನು ಏನನ್ನೂ ತಿದ್ದದೆ ವಾಪಸು ಕಳಿಸಿದೆ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ: ಲಕ್ಷಾಂತರ ಕಿಲೋಮೀಟರ್ ದೂರದಿಂದ ಕಾದುವ ಹಡಗಿನ ಮೇಲೆ ಸಂಖ್ಯೆಯನ್ನು ಎಲ್ಲಿ ಬರೆಯಬೇಕು? ಬಾಹ್ಯಾಕಾಶದ ವಿಷಯದಲ್ಲಿ ನನ್ನ ಮಾತನ್ನು ಸ್ವಲ್ಪ ರಿಯಾಯಿತಿ ಕೊಟ್ಟೇ ಕೇಳಿ. ನನ್ನನ್ನು ಕೇಳಿದರೆ, ಸರಕು ತರುವ ದೋಣಿ ಬಂದು ಕಚ್ಚಿಕೊಳ್ಳುವ ಬಾಗಿಲ ಪಕ್ಕದಲ್ಲಿ, ದೊಡ್ಡದಾಗಿ. ಬಾಗಿಲು ಎರಡಿದ್ದರೆ ಎರಡೂ ಕಡೆ.