ಮನೆಯೇ ಭೂತ: ಪೋ ಕತೆಗಳು ಸಿನಿಮಾ ಆದ ಬಗೆ

ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ ಬರೆದ ‘ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್’ 1839ರ ಕತೆ. ಒಮ್ಮೆ ಕೂತರೆ ಓದಿ ಮುಗಿಸಿಯೇ ಏಳಬಹುದು. ಇದೇ ಕತೆಯಿಂದ ನಿರ್ದೇಶಕ ರೋಜರ್ ಕಾರ್ಮನ್ 1960ರಲ್ಲಿ ‘ಹೌಸ್ ಆಫ್ ಅಷರ್’ ಸಿನಿಮಾ ಮಾಡಿದರು. ಅದು ಸುಮಾರು 80 ನಿಮಿಷದ್ದು. ನಾನು ಮೊದಲು ಕತೆ ಓದಿದೆ, ಅದೇ ರಾತ್ರಿ ಸಿನಿಮಾ ನೋಡಿದೆ, ಮಾರನೇ ದಿನ ಮತ್ತೆ ಕತೆ ಓದಿದೆ. ನೀವೂ ಹೀಗೇ ಮಾಡಿ ನೋಡಿ. ಎರಡನೇ ಸಲ ಓದುವಾಗ ಆ ಕತೆಯಲ್ಲಿ ಏನೇನು ಇಲ್ಲ ಅನ್ನುವುದು ಎದ್ದು ಕಾಣುತ್ತದೆ. ಕತೆ ಹೇಳುವವನಿಗೆ ಹೆಸರಿಲ್ಲ. ಊರು ಯಾವುದು ಗೊತ್ತಿಲ್ಲ. ಆ ಮನೆತನದ ಹಿರಿಯರ ಬಗ್ಗೆ ಒಂದೆರಡು ಸಾಲು ಬಿಟ್ಟರೆ ವಿವರ ಇಲ್ಲ. ಮ್ಯಾಡೆಲಿನ್ ಅನ್ನುವ ಹೆಣ್ಣಿನ ಸುತ್ತಲೇ ಕತೆ ತಿರುಗುತ್ತದೆ, ಆದರೆ ಅವಳು ಇಡೀ ಕತೆಯಲ್ಲಿ ಒಂದು ಮಾತೂ ಆಡುವುದಿಲ್ಲ.

ಈ ಖಾಲಿ ಜಾಗಗಳೇ ಗೋಥಿಕ್ ಸಿನಿಮಾದವರಿಗೆ, ಅಂದರೆ ಹಳೇ ಮನೆ, ಸಾವು, ಭಯದ ಕತೆ ಹೇಳುವವರಿಗೆ, ಸಿಕ್ಕ ದೊಡ್ಡ ಆಸ್ತಿ. ಕಾದಂಬರಿಯನ್ನು ಸಿನಿಮಾ ಮಾಡುವವರು ಕತ್ತರಿ ಹಿಡಿದು ಕೂರಬೇಕು. ಸಣ್ಣಕತೆಯನ್ನು ಸಿನಿಮಾ ಮಾಡುವವರು ಇಟ್ಟಿಗೆ ತಂದು ಕಟ್ಟಬೇಕು. ಆ ಕಟ್ಟುವ ಕೆಲಸ ಹೇಗೆ ನಡೆಯಿತು ಅನ್ನುವುದರ ಮೇಲೆ ಈ ಟಿಪ್ಪಣಿ.

ಪೋ ತನ್ನ ಬರವಣಿಗೆಯ ಗುಟ್ಟನ್ನು ತಾನೇ ಹೇಳಿದ್ದಾನೆ. 1846ರಲ್ಲಿ ಬಂದ ‘ದಿ ಫಿಲಾಸಫಿ ಆಫ್ ಕಾಂಪೊಸಿಷನ್’ ಪ್ರಬಂಧದಲ್ಲಿ ಅವನ ವಾದ ಇಷ್ಟು. ಓದುವವರ ಮನಸ್ಸಿನಲ್ಲಿ ಯಾವ ಪರಿಣಾಮ ಉಳಿಯಬೇಕು ಅಂತ ಮೊದಲೇ ತೀರ್ಮಾನ ಮಾಡಿಕೋ. ಆಮೇಲೆ ಒಂದೊಂದು ವಿವರವನ್ನೂ ಅದಕ್ಕೇ ದುಡಿಸು. ಒಂದೇ ಸಲ ಕೂತು ಓದಲಾಗದಷ್ಟು ಉದ್ದ ಆದರೆ ಆ ಪರಿಣಾಮ ಒಡೆದು ಹೋಗುತ್ತದೆ. ಇದನ್ನು ಓದಿದಾಗ ನನಗೆ ಅನಿಸಿದ್ದು, ಸಿನಿಮಾ ನೋಡುವುದೂ ಹೀಗೇ ಅಲ್ವಾ? ಕತ್ತಲಲ್ಲಿ ಒಂದೇ ಸಲ ಕೂತು, ನಡುವೆ ಏಳದೆ. ಸಿನಿಮಾ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಪೋ ಅದಕ್ಕೆ ಬೇಕಾದ ಅಳತೆಯ ಕತೆ ಹೊಲಿಯುತ್ತಿದ್ದ.

ಮನೆ, ಮನೆತನ

ಅಷರ್ ಕತೆಯ ಹೆಸರಿನಲ್ಲೇ ಒಂದು ಆಟ ಇದೆ. ಇಂಗ್ಲಿಷಿನ ‘ಹೌಸ್’ ಕಟ್ಟಡವೂ ಹೌದು, ವಂಶವೂ ಹೌದು. ಸುತ್ತಲಿನ ರೈತರಿಗೆ ಆ ಹೆಸರು ಹೇಳಿದರೆ ಎರಡೂ ಒಟ್ಟಿಗೇ ನೆನಪಾಗುತ್ತಿತ್ತು ಅಂತ ಪೋ ಬರೆಯುತ್ತಾನೆ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ‘ದೊಡ್ಮನೆಯವರು’ ಅಂದಾಗ ನಾವು ಗೋಡೆ, ಹೆಂಚಿನ ಲೆಕ್ಕ ಹಾಕುವುದಿಲ್ಲ. ‘ಆ ಮನೆ ಹಾಳಾಯ್ತು’ ಅಂದರೆ ಸೂರು ಬಿತ್ತೋ, ಸಂಸಾರ ಮುರಿಯಿತೋ ಅಂತ ಕೇಳುವವರು ಸಂದರ್ಭ ನೋಡಿ ತಿಳಿದುಕೊಳ್ಳುತ್ತಾರೆ. ಪೋ ಕತೆಯಲ್ಲಿ ಎರಡೂ ಒಂದೇ ರಾತ್ರಿ ಬೀಳುತ್ತವೆ.

ಕತೆಯ ಶುರುವಿನಲ್ಲೇ ಅದರ ಸುಳಿವಿದೆ. ಕತೆ ಹೇಳುವವನು ಗೆಳೆಯ ರಾಡರಿಕ್ ಅಷರ್‌ನ ಮನೆಗೆ ಕುದುರೆ ಏರಿ ಬರುತ್ತಾನೆ, ಅದನ್ನು ದೂರದಿಂದ ನೋಡುತ್ತಾನೆ. ಕಿಟಕಿಗಳು ಖಾಲಿ ಕಣ್ಣಿನ ಹಾಗೆ ಕಾಣುತ್ತವೆ. ಸೂರಿನಿಂದ ಹೊರಟ ಒಂದು ಸಣ್ಣ ಬಿರುಕು ಅಂಕುಡೊಂಕಾಗಿ ಗೋಡೆ ಇಳಿದು ಕೆಳಗಿನ ಕಪ್ಪು ಕೊಳದ ನೀರಿನಲ್ಲಿ ಮರೆಯಾಗುತ್ತದೆ. ತುಂಬ ಸೂಕ್ಷ್ಮವಾಗಿ ನೋಡಿದರೆ ಮಾತ್ರ ಕಾಣುವಂಥದ್ದು. ಕೊನೆಯಲ್ಲಿ ಅದೇ ಬಿರುಕು ಅಗಲವಾಗುತ್ತದೆ, ಅದರೊಳಗಿಂದ ಕೆಂಪು ಚಂದ್ರ ಕಾಣುತ್ತಾನೆ, ಮನೆ ಕೊಳದೊಳಗೆ ಇಳಿದುಹೋಗುತ್ತದೆ. ನೋಟ್ಸ್ ಬರೆಯುವವರು ಈ ಎರಡು ಜಾಗಕ್ಕೂ ಗುರುತು ಹಾಕಿಕೊಳ್ಳಿ.

ಈಗ ಸಿನಿಮಾಕ್ಕೆ ಬರೋಣ. ಕಾರ್ಮನ್ ಆಗ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಅನ್ನುವ ಸಣ್ಣ ಕಂಪನಿಗೆ ಕೆಲಸ ಮಾಡುತ್ತಿದ್ದರು. ಕಡಿಮೆ ದುಡ್ಡಿನಲ್ಲಿ ಎರಡು ಕಪ್ಪು-ಬಿಳುಪು ಚಿತ್ರ ಮಾಡಿ ಒಂದೇ ಟಿಕೆಟ್ಟಿಗೆ ಜೋಡಿಯಾಗಿ ತೋರಿಸುವುದು ಅವರ ರೂಢಿ. ಎರಡರ ದುಡ್ಡನ್ನೂ ಸೇರಿಸಿ ಅಷರ್ ಕತೆಯಿಂದ ಒಂದೇ ಬಣ್ಣದ ಚಿತ್ರ ಮಾಡೋಣ ಅಂತ ಕಾರ್ಮನ್ ಕೇಳಿದರು. ಇದರಲ್ಲಿ ಭೂತ ಎಲ್ಲಿದೆ ಅಂತ ಕಂಪನಿಯವರ ಪ್ರಶ್ನೆ. ಮನೆಯೇ ಭೂತ ಅಂತ ತಾನು ಉತ್ತರ ಕೊಟ್ಟೆ ಎಂದು ಕಾರ್ಮನ್ ಆಮೇಲೆ ನೆನಪಿಸಿಕೊಂಡಿದ್ದಾರೆ. ದುಡ್ಡು ಹಾಕುವವರನ್ನು ಒಪ್ಪಿಸಲು ಹೇಳಿದ ಮಾತಾದರೂ ಪೋ ಕತೆಯ ತಿರುಳು ಅದರಲ್ಲಿದೆ.

ಶೂಟಿಂಗ್ 15 ದಿನದಲ್ಲಿ ಮುಗಿಯಿತು. ಚಿತ್ರಕತೆ ರಿಚರ್ಡ್ ಮ್ಯಾಥೆಸನ್, ಕ್ಯಾಮೆರಾ ಫ್ಲಾಯ್ಡ್ ಕ್ರಾಸ್ಬಿ, ಸೆಟ್ ಡೇನಿಯಲ್ ಹ್ಯಾಲರ್. ಹಾಲಿವುಡ್ ಗುಡ್ಡಗಳಲ್ಲಿ ಆಗಷ್ಟೇ ಕಾಡ್ಗಿಚ್ಚು ಬಿದ್ದಿತ್ತು. ಕಾರ್ಮನ್ ಅಲ್ಲಿಗೆ ಹೋಗಿ, ಸುಟ್ಟು ಕರಕಲಾದ ಮರಗಳ ನಡುವೆ ನಾಯಕ ಕುದುರೆಯಲ್ಲಿ ಬರುವುದನ್ನು ಚಿತ್ರಿಸಿದರು. ಪೋ ಹಲವು ಸಾಲು ಬರೆದು ಕಟ್ಟಿದ ಮಂಕು ಕೆಲವೇ ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಕೊನೆಯಲ್ಲಿ ಮನೆ ಉರಿಯುವ ದೃಶ್ಯಕ್ಕೆ ಒಂದು ಹಳೇ ಮರದ ಕೊಟ್ಟಿಗೆಗೆ ಬೆಂಕಿ ಹಚ್ಚಿ ತೆಗೆದ ತುಣುಕುಗಳನ್ನು ಬಳಸಿದರು. ಅವೇ ತುಣುಕುಗಳು ಮುಂದಿನ ಚಿತ್ರಗಳಲ್ಲೂ ಬರುತ್ತವೆ. ಒಮ್ಮೆ ಗುರುತು ಹಿಡಿದರೆ ಮತ್ತೆ ಮತ್ತೆ ಕಾಣುತ್ತವೆ.

ಕಿವಿ ಮತ್ತು ಬೆರಳು

ಮ್ಯಾಥೆಸನ್ ಮಾಡಿದ ಮುಖ್ಯ ಬದಲಾವಣೆ, ಹೆಸರಿಲ್ಲದ ಗೆಳೆಯನಿಗೆ ಫಿಲಿಪ್ ಅಂತ ಹೆಸರು ಕೊಟ್ಟು ಅವನನ್ನು ಮ್ಯಾಡೆಲಿನ್‌ಗೆ ನಿಶ್ಚಯವಾದ ಗಂಡಾಗಿ ಮಾಡಿದ್ದು. ಕತೆಯಲ್ಲಿ ಬಂದವನು ಸುಮ್ನೆ ನೋಡುವವನು. ಸಿನಿಮಾದಲ್ಲಿ ಬಂದವನಿಗೆ ಒಂದು ಕೆಲಸ ಇದೆ. ಅವಳನ್ನು ಆ ಮನೆಯಿಂದ ಬಿಡಿಸಿಕೊಂಡು ಹೋಗಬೇಕು. ಅವಳ ಅಣ್ಣ ರಾಡರಿಕ್ ಬಿಡುವುದಿಲ್ಲ, ಈ ವಂಶ ಇಲ್ಲಿಗೇ ಮುಗಿಯಬೇಕು ಅನ್ನುತ್ತಾನೆ. ಎಳೆದಾಟ ಶುರುವಾಯಿತು, 80 ನಿಮಿಷ ಎಳೆಯಬಲ್ಲ ಹಗ್ಗ ಸಿಕ್ಕಿತು.

ಆದರೆ ನನಗೆ ಜಾಸ್ತಿ ಹಿಡಿಸಿದ್ದು ಒಂದು ಸಣ್ಣ ವಿಷಯ. ಫಿಲಿಪ್ ಒಳಗೆ ಬಂದ ಕೂಡಲೇ ಆಳು ಅವನ ಬೂಟು ಬಿಚ್ಚಿಸುತ್ತಾನೆ. ರಾಡರಿಕ್‌ಗೆ ಸದ್ದು ತಡೆಯಲು ಆಗುವುದಿಲ್ಲ. ಈ ಕಾಯಿಲೆ ಪೋ ಕತೆಯದ್ದೇ. ಅಲ್ಲಿ ಅವನಿಗೆ ಸಪ್ಪೆ ಊಟ ಮಾತ್ರ ಸೇರುತ್ತದೆ, ಹೂವಿನ ವಾಸನೆ ಹಿಂಸೆ, ಮಂದ ಬೆಳಕೂ ಕಣ್ಣಿಗೆ ನೋವು, ಕೆಲವು ತಂತಿವಾದ್ಯ ಬಿಟ್ಟು ಯಾವ ದನಿಯೂ ಸಹಿಸದು. ಸಿನಿಮಾ ಇದನ್ನು ಪಾತ್ರದ ವಿವರಣೆಯಾಗಿ ಬಿಡದೆ ನಮ್ಮ ಕಿವಿಗೇ ತಾಗಿಸುತ್ತದೆ. ರಾಡರಿಕ್ ಆಗಿ ವಿನ್ಸೆಂಟ್ ಪ್ರೈಸ್ ಮೆತ್ತಗೆ, ಗಾಳಿಯಲ್ಲಿ ತೇಲಿಬಿಟ್ಟಂತೆ ಮಾತಾಡುತ್ತಾರೆ. ಬೆಳ್ಳಗಿನ ಕೂದಲು, ಮೀಸೆ ಇಲ್ಲದ ಮುಖ. ಫಿಲಿಪ್ ದನಿ ಎತ್ತಿದಾಗ ರಾಡರಿಕ್ ಮುಖ ಹಿಂಡಿಕೊಳ್ಳುತ್ತಾನೆ, ಸ್ವಲ್ಪ ಹೊತ್ತಿನಲ್ಲಿ ನಮಗೂ ಆ ದನಿ ಜೋರು ಅನಿಸತೊಡಗುತ್ತದೆ. ನಾವು ಅವನ ಕಿವಿಯಿಂದ ಕೇಳಲು ಶುರುಮಾಡಿದ್ದೇವೆ. ನೆಲಮಾಳಿಗೆಯಿಂದ ಚೀತ್ಕಾರ ಬರುವ ಹೊತ್ತಿಗೆ ನಮ್ಮ ಕಿವಿ ಅದಕ್ಕೆ ತಯಾರಾಗಿ ಕೂತಿರುತ್ತದೆ.

ಇನ್ನು ಬೆರಳಿನ ವಿಷಯ. ಮ್ಯಾಡೆಲಿನ್‌ಗೆ ಇರುವುದು ಮೈ ಮರಗಟ್ಟಿ ಸತ್ತವರ ಹಾಗೆ ಬೀಳುವ ಕಾಯಿಲೆ. ಅವಳು ಸತ್ತಳೆಂದು ಪೆಟ್ಟಿಗೆಯಲ್ಲಿ ಇಡುತ್ತಾರೆ. ಪೋ ಕತೆಯಲ್ಲಿ ಮುಚ್ಚಳ ಹಾಕುವಾಗ ಅವಳ ಕೆನ್ನೆಯಲ್ಲಿ ತುಸು ಕೆಂಪು, ತುಟಿಯಲ್ಲಿ ಸಣ್ಣ ನಗೆ ಉಳಿದಿತ್ತು ಅನ್ನುವಷ್ಟೇ ಇದೆ. ಅವಳು ಬದುಕಿದ್ದಳು ಅನ್ನುವುದು ಕೊನೆಯ ರಾತ್ರಿ, ಬಿರುಗಾಳಿಯ ನಡುವೆ, ರಾಡರಿಕ್ ಬಾಯಿಂದಲೇ ಹೊರಬೀಳುತ್ತದೆ. ಎಷ್ಟೋ ದಿನದಿಂದ ಅವಳ ಸದ್ದು ಕೇಳಿಸುತ್ತಿತ್ತು, ಹೇಳುವ ಧೈರ್ಯ ಆಗಲಿಲ್ಲ ಅನ್ನುತ್ತಾನೆ. ಸಿನಿಮಾದಲ್ಲಿ ಪೆಟ್ಟಿಗೆ ತೆರೆದಿರುವಾಗಲೇ ಅವಳ ಬೆರಳು ಅಲುಗುತ್ತದೆ. ರಾಡರಿಕ್ ನೋಡುತ್ತಾನೆ. ನಾವೂ ನೋಡುತ್ತೇವೆ. ಪಕ್ಕದಲ್ಲೇ ಇರುವ ಫಿಲಿಪ್ ನೋಡುವುದಿಲ್ಲ. ರಾಡರಿಕ್ ಬೇಗನೆ ಮುಚ್ಚಳ ಹಾಕಿಬಿಡುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲಿ. ಓದುವವನು ಕೊನೆಯಲ್ಲಿ ಬೆಚ್ಚಿಬೀಳುತ್ತಾನೆ. ನೋಡುವವನಿಗೆ ಸತ್ಯ ಮೊದಲೇ ಗೊತ್ತು, ಬಾಯಿ ಬಿಡಲಾರ. ಅಂದರೆ ರಾಡರಿಕ್ ಕತೆಯಲ್ಲಿ ಎಷ್ಟೋ ದಿನ ಒಬ್ಬನೇ ಅನುಭವಿಸಿದ ಸಂಕಟವನ್ನು ಸಿನಿಮಾ ನಮ್ಮ ತಲೆಗೂ ಕಟ್ಟುತ್ತದೆ. ಮೂಲಕ್ಕೆ ಹತ್ತಿರ ಇರುವುದು ಅಂದರೆ ಸಾಲು ಸಾಲಾಗಿ ನಕಲು ಮಾಡುವುದಲ್ಲ ಅಂತ ನಮ್ಮ ಕ್ಲಾಸಿನಲ್ಲಿ ಹತ್ತು ಸಲ ಕೇಳಿದ್ದೆ. ಈ ಒಂದು ಬೆರಳು ನೋಡಿದ ಮೇಲೆ ಅದು ಅರ್ಥವಾಯಿತು.

ಇದೇ ಕತೆಯನ್ನು 1928ರಲ್ಲಿ ಫ್ರಾನ್ಸ್‌ನಲ್ಲಿ ಜಾನ್ ಎಪ್ಸ್ಟೀನ್ ಮೂಕಿಚಿತ್ರ ಮಾಡಿದ್ದರು. ಅವರು ರಾಡರಿಕ್, ಮ್ಯಾಡೆಲಿನ್ ಇಬ್ಬರನ್ನೂ ಗಂಡ-ಹೆಂಡತಿ ಮಾಡಿ, ಪೋನ ಇನ್ನೊಂದು ಕತೆಯಿಂದ ಹೆಂಡತಿಯ ಜೀವ ಹೀರುವ ಚಿತ್ರಪಟವನ್ನು ತಂದು ಸೇರಿಸಿದರು. ಖಾಲಿ ಜಾಗ ಅದೇ, ತುಂಬಿದ ಮಣ್ಣು ಬೇರೆ.

ಕೊನೆಯ ಅಂಕ ಮಾತ್ರ ಪೋನದ್ದು

ಕಾರ್ಮನ್ 1961ರಲ್ಲಿ ಮಾಡಿದ ‘ಪಿಟ್ ಅಂಡ್ ದಿ ಪೆಂಡ್ಯುಲಮ್’ನಲ್ಲಿ ಈ ಕಟ್ಟುವ ಕೆಲಸ ಇನ್ನೂ ದೂರ ಹೋಗುತ್ತದೆ. ಮೂಲ ಕತೆಯಲ್ಲಿ ಸ್ಪೇನಿನ ಟೊಲೆಡೊದಲ್ಲಿ ಒಬ್ಬ ಕೈದಿ, ಒಂದು ಕತ್ತಲಕೋಣೆ, ಒಂದು ಬಾವಿ, ಮೇಲಿಂದ ಇಂಚಿಂಚೇ ಇಳಿಯುವ ಹರಿತ ಲೋಲಕ. ಅಷ್ಟೇ. ಮ್ಯಾಥೆಸನ್ ಲೋಲಕವನ್ನು ಕೊನೆಗೆ ಇಟ್ಟುಕೊಂಡು ಅದಕ್ಕೆ ಮುಂಚಿನ ಕತೆಯನ್ನೆಲ್ಲ ಹೊಸದಾಗಿ ಬರೆದರು. ಜೀವಂತ ಸಮಾಧಿಯ ಭಯವನ್ನು ಪೋನ ಬೇರೆ ಕತೆಗಳಿಂದ ಎರವಲು ತಂದರು. ನನ್ನ ಪ್ರಕಾರ ನಡುವಿನ ಭಾಗ ಸ್ವಲ್ಪ ಸಡಿಲ. ಆದರೆ ಕೊನೆಯ ಶಾಟ್ ಮರೆಯಲಾಗದು. ಈ ಕೋಣೆಗೆ ಇನ್ನು ಯಾರೂ ಬರುವುದಿಲ್ಲ ಅಂತ ಹೇಳಿ ಎಲ್ಲರೂ ಹೊರಡುತ್ತಾರೆ. ಕ್ಯಾಮೆರಾ ಸರ್ರನೆ ತಿರುಗಿ ಮೂಲೆಯ ಕಬ್ಬಿಣದ ಪೆಟ್ಟಿಗೆ ತೋರಿಸುತ್ತದೆ. ಅದರ ಕಿಂಡಿಯಲ್ಲಿ ನಟಿ ಬಾರ್ಬರಾ ಸ್ಟೀಲ್ ಕಣ್ಣುಗಳು, ಬಾಯಿಗೆ ಬಟ್ಟೆ ಕಟ್ಟಿದೆ. ಈ ದೃಶ್ಯ ಪೋ ಬರೆದದ್ದಲ್ಲ. ಆದರೂ ಪೋ ಓದಿದವರು ಇದು ಅವನದ್ದಲ್ಲ ಅಂತ ಹೇಳಲಾರರು.

ತೋರಿಸುವುದೋ ಬೇಡವೋ

ಗೋಥಿಕ್ ಕತೆ ಸಿನಿಮಾ ಆಗುವಾಗ ಬರುವ ಕಷ್ಟದ ಪ್ರಶ್ನೆ ಇದು. ಪುಟದ ಮೇಲೆ ‘ಏನೋ ಒಂದು’ ಅಂತ ಬರೆದರೆ ಸಾಕು, ಮಿಕ್ಕಿದ್ದನ್ನು ಓದುವವನೇ ಕಟ್ಟಿಕೊಳ್ಳುತ್ತಾನೆ. ಪರದೆಗೆ ಆ ಅನುಕೂಲ ಇಲ್ಲ. ಇಂಗ್ಲಿಷ್ ಭೂತಕತೆಗಾರ ಎಂ. ಆರ್. ಜೇಮ್ಸ್ ಕತೆಯಿಂದ ಜಾಕ್ ಟೂರ್ನರ್ 1957ರಲ್ಲಿ ಮಾಡಿದ ‘ನೈಟ್ ಆಫ್ ದಿ ಡೀಮನ್’ ಶುರುವಾದ ಸ್ವಲ್ಪ ಹೊತ್ತಿಗೇ ದೆವ್ವವನ್ನು ಪೂರ್ತಿ ತೋರಿಸಿಬಿಡುತ್ತದೆ. ನಿರ್ದೇಶಕರಿಗೆ ಅದು ಇಷ್ಟವಿರಲಿಲ್ಲ, ನಿರ್ಮಾಪಕರ ಹಟ ಗೆದ್ದಿತು. ಆ ದೆವ್ವಕ್ಕಿಂತ ಅದೇ ಸಿನಿಮಾದ ಒಂದು ಸಣ್ಣ ಚೀಟಿ, ಗಾಳಿಗೆ ಹಾರಿ ಬೆಂಕಿಯ ಕಡೆ ಓಡಲು ನೋಡುವ ಚೀಟಿ, ನನ್ನನ್ನು ಜಾಸ್ತಿ ಹೆದರಿಸಿತು.

ಇದಕ್ಕೆ ಕಾರ್ಮನ್ ಕಂಡುಕೊಂಡ ಉತ್ತರ 1964ರ ‘ದಿ ಮಾಸ್ಕ್ ಆಫ್ ದಿ ರೆಡ್ ಡೆತ್’ನಲ್ಲಿ ಇದೆ. ಇದನ್ನು ಇಂಗ್ಲೆಂಡಿನಲ್ಲಿ ತೆಗೆದರು, ಕ್ಯಾಮೆರಾ ನಿಕೋಲಸ್ ರೋಗ್. ಪೋ ಕತೆ ಕೆಲವೇ ಪುಟದ್ದು. ಊರಿಗೆ ಸಾಂಕ್ರಾಮಿಕ ರೋಗ ಬಡಿದಾಗ ರಾಜ ಪ್ರಾಸ್ಪೆರೊ ತನ್ನವರ ಜೊತೆ ಕೋಟೆ ಸೇರಿ ಬಾಗಿಲು ಬೆಸೆದುಕೊಳ್ಳುತ್ತಾನೆ, ಒಳಗೆ ಮೋಜು ಮಾಡುತ್ತಾನೆ. ಏಳು ಬಣ್ಣದ ಏಳು ಕೋಣೆ. ಕೊನೆಯದು ಕಪ್ಪು, ಅದರ ಕಿಟಕಿ ಗಾಜು ಮಾತ್ರ ರಕ್ತದ ಬಣ್ಣ. ಸಿನಿಮಾ ಕೋಣೆಗಳನ್ನು ಕಡಿಮೆ ಮಾಡಿತು, ಆದರೆ ಬಾಗಿಲು ತೆರೆದ ಹಾಗೆ ಒಂದು ಬಣ್ಣದಿಂದ ಇನ್ನೊಂದಕ್ಕೆ ಕ್ಯಾಮೆರಾ ಹೋಗುವುದನ್ನು ನೋಡಿದರೆ ಕತೆ ಇದಕ್ಕೇ ಕಾಯುತ್ತಿತ್ತೇನೋ ಅನಿಸುತ್ತದೆ. ಉದ್ದ ಸಾಲದ್ದಕ್ಕೆ ಪೋನ ‘ಹಾಪ್-ಫ್ರಾಗ್’ ಕತೆಯನ್ನೂ ಒಳಗೆ ಹೆಣೆದರು.

ಕೊನೆಗೆ ಕೆಂಪು ಉಡುಪಿನ ಅತಿಥಿ ಬರುತ್ತಾನೆ. ಕತೆಯಲ್ಲಿ ಪ್ರಾಸ್ಪೆರೊ ಸತ್ತು ಬಿದ್ದ ಮೇಲೆ ಉಳಿದವರು ಅತಿಥಿಯ ಮೇಲೆ ಬಿದ್ದು, ಮುಖವಾಡ, ಬಟ್ಟೆ ಎಲ್ಲ ಕಿತ್ತು ನೋಡುತ್ತಾರೆ. ಒಳಗೆ ಯಾರೂ ಇಲ್ಲ. ಕೈಗೆ ಸಿಗುವಂಥದ್ದು ಏನೂ ಇಲ್ಲ. ಬರವಣಿಗೆಯಲ್ಲಿ ಇದು ಮೈ ನಡುಗಿಸುತ್ತದೆ, ಪರದೆಯ ಮೇಲೆ ಖಾಲಿ ಬಟ್ಟೆ ತೋರಿಸಿದರೆ ಕಣ್ಕಟ್ಟಿನಂತೆ ಕಾಣುತ್ತಿತ್ತು. ಸಿನಿಮಾದಲ್ಲಿ ಪ್ರಾಸ್ಪೆರೊ ತಾನೇ ಆ ಮುಖವಾಡ ತೆಗೆಯುತ್ತಾನೆ. ಒಳಗಿನಿಂದ ಅವನನ್ನು ನೋಡುತ್ತಿರುವುದು ಅವನದ್ದೇ ಮುಖ, ರಕ್ತ ಮೆತ್ತಿದ್ದು.