ಕಲ್ಲು ಅಂತ ಹೇಳಿ ಕರೆದುಕೊಂಡು ಬಂದಿದ್ದರು

ಮಗ ಬಾಗಿಲ ಹೊರಗೇ ನನ್ನನ್ನು ತಡೆದು ಹೇಳಿದ್ದ. "ಅಪ್ಪನಿಗೆ ಕಿಡ್ನಿಯಲ್ಲಿ ಕಲ್ಲು ಅಂತ ಹೇಳಿದ್ದೀವಿ ಮೇಡಂ, ನೀವೂ ಹಾಗೇ ಹೇಳಿ." ಸಿಟಿ ಸ್ಕ್ಯಾನಿನ ದೊಡ್ಡ ಕವರನ್ನು ಸೀರೆ ಅಂಗಡಿಯ ಚೀಲದೊಳಗೆ ಹಾಕಿ ಬಾಯಿ ಗಂಟು ಕಟ್ಟಿದ್ದ. ಒಳಗೆ ಮೇಷ್ಟ್ರು ಕೂತಿದ್ದರು, ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಮಗನನ್ನು ಕಾಫಿ ತರಲು ಕಳಿಸಿ ನನ್ನ ಕಡೆ ತಿರುಗಿದರು. "ಮೂವತ್ತೆರಡು ವರ್ಷ ಪರೀಕ್ಷೆ ಹಾಲಿನಲ್ಲಿ ನಿಂತವನು ನಾನು. ಯಾರು ಕಾಪಿ ಹೊಡೀತಿದ್ದಾರೆ ಅಂತ ಮುಖ ನೋಡಿದ್ರೆ ಗೊತ್ತಾಗುತ್ತೆ. ಕಲ್ಲಿಗೆ ಯಾರಾದ್ರೂ ಕ್ಯಾನ್ಸರ್ ವಿಭಾಗಕ್ಕೆ ಕರ್ಕೊಂಡು ಬರ್ತಾರಾ?"

ನಾನು ಕ್ಯಾನ್ಸರ್ ರೋಗಿಗಳ ಆಪ್ತಸಮಾಲೋಚಕಿ. ಗುರುತು ಸಿಗದ ಹಾಗೆ ಮೇಷ್ಟ್ರ ವಿವರ ಬದಲಿಸಿದ್ದೇನೆ. ಆದರೆ ಆ ಚೀಲದ ಗಂಟು ಮಾತ್ರ ನಾನು ಕಂಡದ್ದೇ.

ಕಿಡ್ನಿ ಕ್ಯಾನ್ಸರ್ ಬಂದವರ ಭಯಕ್ಕೆ ಒಂದು ವಿಚಿತ್ರ ಗುಣ ಇದೆ. ಅರ್ಧಕ್ಕಿಂತ ಜಾಸ್ತಿ ಜನರಿಗೆ ಇದು ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಸಿಗುತ್ತದೆ. ಗ್ಯಾಸ್ ಟ್ರಬಲ್ ಅಂತ ಹೋಗಿರುತ್ತಾರೆ, ಇಲ್ಲವೇ ವರ್ಷದ ಚೆಕಪ್ ಅಂತ. ನೋವಿಲ್ಲ, ಜ್ವರ ಇಲ್ಲ, ನಿನ್ನೆ ತೋಟಕ್ಕೆ ನೀರು ಬಿಟ್ಟು ಬಂದಿದ್ದಾರೆ. ಇವತ್ತು ಕೈಗೆ ರಿಪೋರ್ಟ್ ಬಂದಿದೆ. ಆವತ್ತಿನಿಂದ ಸ್ವಂತ ಮೈ ಮೇಲೇ ನಂಬಿಕೆ ಹೋಗುತ್ತದೆ. ಸೊಂಟ ಹಿಡಿದುಕೊಂಡರೂ ಕ್ಯಾನ್ಸರ್, ಕೆಮ್ಮಿದರೂ ಕ್ಯಾನ್ಸರ್, ರಾತ್ರಿ ಎರಡು ಸಲ ಮೂತ್ರಕ್ಕೆ ಎದ್ದರೆ ಮುಗಿದೇ ಹೋಯಿತು. ಎದೆ ಡವಡವ ಅನ್ನುವುದು, ಬೆವರುವುದು, ಕೈ ತಣ್ಣಗಾಗುವುದು, ಇವೆಲ್ಲ ಬಹುಪಾಲು ಭಯ ಮಾಡುವ ಕೆಲಸ. ಅಂದಹಾಗೆ, ಆ ಡವಡವಕ್ಕೆ ಕಾರಣವಾದ ಅಡ್ರಿನಲಿನ್ ಬರುವ ಗ್ರಂಥಿ ಕೂತಿರುವುದು ಕಿಡ್ನಿಯ ತಲೆ ಮೇಲೆಯೇ, ಪುಟ್ಟ ಟೋಪಿ ಹಾಕಿದ ಹಾಗೆ. ಇದನ್ನು ಹೇಳಿದಾಗ ಮೇಷ್ಟ್ರು ಮೊದಲ ಸಲ ನಕ್ಕರು.

ಎಲ್ಲರೂ ಇವರಿಗೆ ಹೇಳುವುದು ಒಂದೇ ಮಾತು, "ಧೈರ್ಯವಾಗಿರಿ". ನನ್ನ ಅನುಭವದಲ್ಲಿ ಇಷ್ಟು ಉಪಯೋಗಕ್ಕೆ ಬಾರದ ಮಾತು ಇನ್ನೊಂದಿಲ್ಲ. ಹೇಳಿದವರಿಗೆ ಸಮಾಧಾನ ಆಗುತ್ತದೆ, ಕೇಳಿಸಿಕೊಂಡವರ ಬಾಯಿ ಕಟ್ಟುತ್ತದೆ. ಹೆದರಿಕೆ ಆಗ್ತಿದೆ ಅಂತ ಆಮೇಲೆ ಅವರು ಯಾರ ಹತ್ತಿರ ಹೇಳಬೇಕು? ನಾನು ಕೇಳುವುದು ಬೇರೆ: "ಯಾವುದಕ್ಕೆ ಹೆದರಿಕೆ? ಒಂದೊಂದೇ ಹೇಳಿ, ಬರೆದುಕೊಳ್ಳೋಣ."

ಮೇಷ್ಟ್ರು ಏಳು ಹೇಳಿದರು. ಸತ್ತು ಹೋಗುತ್ತೇನೆ ಅನ್ನುವುದು ಅದರಲ್ಲಿ ನಾಲ್ಕನೆಯದು. ಮೊದಲನೆಯದು ಡಯಾಲಿಸಿಸ್. ಎರಡನೆಯದು ಕೂದಲು ಉದುರುವುದು. ಮೂರನೆಯದು, ಮಗ ಸಾಲ ಮಾಡುತ್ತಾನೆ ಅನ್ನುವುದು.

ಹೀಗೆ ಬಿಡಿಸಿಟ್ಟರೆ ಕೆಲವಕ್ಕೆ ಅಲ್ಲೇ ಉತ್ತರ ಸಿಗುತ್ತದೆ. ಒಂದು ಕಿಡ್ನಿ ಪೂರ್ತಿ ತೆಗೆದರೂ, ಇನ್ನೊಂದು ಚೆನ್ನಾಗಿದ್ದರೆ ಸಾಮಾನ್ಯವಾಗಿ ಡಯಾಲಿಸಿಸ್ ಬೇಕಾಗುವುದಿಲ್ಲ. ಕಿಡ್ನಿ ದಾನ ಮಾಡಿದವರು ಒಂದರಲ್ಲೇ ಬದುಕುತ್ತಾರೆ, ಅಲ್ವಾ? ಗಡ್ಡೆ ಸಣ್ಣದಿದ್ದರೆ ಅದನ್ನಷ್ಟೇ ತೆಗೆದು ಉಳಿದ ಕಿಡ್ನಿಯನ್ನು ಉಳಿಸುವ ಆಪರೇಷನ್ನೂ ಇದೆ. ಹೆಚ್ಚಿನವರಿಗೆ ಬರುವ ಬಗೆಯ ಕಿಡ್ನಿ ಕ್ಯಾನ್ಸರಿಗೆ ಕೂದಲು ಉದುರುತ್ತೆ ಅಂತ ನಾವೆಲ್ಲ ಹೆದರುವ ಆ ಮಾಮೂಲಿ ಕೀಮೋ ಹೆಚ್ಚು ಕೆಲಸವನ್ನೇ ಮಾಡುವುದಿಲ್ಲ, ಹಾಗಾಗಿ ಸಾಮಾನ್ಯವಾಗಿ ಕೊಡುವುದೂ ಇಲ್ಲ. ಸಾಲದ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಹೇಳುವವರು ಆಸ್ಪತ್ರೆಯ ಆರೋಗ್ಯಮಿತ್ರರು, ಅಂದರೆ ಸರ್ಕಾರದ ಆರೋಗ್ಯ ಯೋಜನೆ ಸಿಗುವಂತೆ ದಾರಿ ತೋರಿಸುವವರು. ರೇಷನ್ ಕಾರ್ಡ್, ಆಧಾರ್ ಹಿಡಿದುಕೊಂಡು ಮೊದಲ ದಿನವೇ ಅವರ ಕೌಂಟರಿಗೆ ಹೋಗಿ, ಬಿಲ್ ಆದ ಮೇಲೆ ಅಲ್ಲ.

ಆಮೇಲೆ ರಿಪೋರ್ಟ್. ಜನ ಅದನ್ನು ಮೊಬೈಲಿನಲ್ಲಿ ಒಂದೊಂದೇ ಪದ ಹುಡುಕುತ್ತಾ ಓದುತ್ತಾರೆ, ಅದೂ ರಾತ್ರಿ. ಮೇಷ್ಟ್ರ ರಿಪೋರ್ಟಿನಲ್ಲಿ 'ಎಕ್ಸೋಫೈಟಿಕ್' ಅಂತ ಇತ್ತು. ಹೊರಕ್ಕೆ ಹರಡಿದೆ ಅಂತ ಅವರು ಅರ್ಥ ಮಾಡಿಕೊಂಡು ಎರಡು ದಿನ ಊಟ ಬಿಟ್ಟಿದ್ದರು. ಅದರ ಅರ್ಥ, ಗಡ್ಡೆ ಕಿಡ್ನಿಯ ಆಳದಲ್ಲಿ ಹುದುಗಿಲ್ಲ, ಹೊರಮೈಯಿಂದ ಉಬ್ಬಿದೆ ಅಂತ. ಸರ್ಜನ್‌ಗಳಿಗೆ ಅಂಥದ್ದನ್ನು ತೆಗೆಯುವುದು ಸಾಮಾನ್ಯವಾಗಿ ಸುಲಭ. 'ರೀನಲ್ ವೇನ್ ಪೇಟೆಂಟ್' ಅಂದರೆ ರಕ್ತನಾಳ ಕಟ್ಟಿಲ್ಲ, ತೆರೆದಿದೆ ಅಂತ. ಅದನ್ನೇನೋ ಪೇಟೆಂಟ್ ಔಷಧಿಗೆ ಸಂಬಂಧಿಸಿದ್ದು ಅಂದುಕೊಂಡಿದ್ದರು ಪಾಪ. ಗಡ್ಡೆ 3.6 ಸೆಂಟಿಮೀಟರ್. ಸ್ಕೇಲ್ ತೆಗೆದು ತೋರಿಸಿದೆ, ಹೆಚ್ಚುಕಮ್ಮಿ ನಿಂಬೆಹಣ್ಣಿನಷ್ಟು. ಹರಡದೆ ಕಿಡ್ನಿಯಲ್ಲೇ ಇರುವ, 7 ಸೆಂಟಿಮೀಟರ್ ಮೀರದ ಗಡ್ಡೆ ಮೊದಲ ಹಂತಕ್ಕೆ ಸೇರುತ್ತದೆ. 4 ಸೆಂಟಿಮೀಟರಿಗಿಂತ ಸಣ್ಣ ಗಡ್ಡೆಗಳಲ್ಲಿ ಸುಮಾರು ಐದರಲ್ಲಿ ಒಂದು, ತೆಗೆದು ನೋಡಿದಾಗ ಕ್ಯಾನ್ಸರೇ ಆಗಿರುವುದಿಲ್ಲ.

ಅಂತರ್ಜಾಲದಲ್ಲಿ ಐದು ವರ್ಷ ಬದುಕುವವರ ಲೆಕ್ಕ ಸಿಗುತ್ತದೆ. ಅದು ಹಂತ ನೋಡಿ ಓದಬೇಕಾದ ಲೆಕ್ಕ. ಕಿಡ್ನಿಯೊಳಗೇ ಇರುವಾಗ ಸಿಕ್ಕಿದರೆ 100ರಲ್ಲಿ 90ಕ್ಕೂ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ಶ್ವಾಸಕೋಶಕ್ಕೋ ಮೂಳೆಗೋ ಹೋಗಿದ್ದರೆ ಲೆಕ್ಕ ಬೇರೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಅಂಥವರ ಭಯಕ್ಕೆ ಕಾರಣ ಇದೆ, ಅದನ್ನು ಸುಳ್ಳು ಅನ್ನುವ ಹಕ್ಕು ನನಗಿಲ್ಲ. ಆದರೆ ಆ ಲೆಕ್ಕಗಳು ಹಿಂದೆ ಚಿಕಿತ್ಸೆ ಪಡೆದವರದ್ದು. 2005ರ ಹೊತ್ತಿನಿಂದ ಬಂದ ಮಾತ್ರೆಗಳು, 2015ರಿಂದೀಚೆಗೆ ಬಂದ ಹೊಸ ಬಗೆಯ ಇಮ್ಯುನೋಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ) ಇವೆಲ್ಲ ಆ ಚಿತ್ರ ಬದಲಿಸುತ್ತಲೇ ಇವೆ. ಹರಡಿದ್ದರೂ ವರ್ಷಗಟ್ಟಲೆ ಚಿಕಿತ್ಸೆ ತಗೊಂಡು ಓಡಾಡಿಕೊಂಡಿರುವವರನ್ನು ನಾನು ನೋಡುತ್ತಿದ್ದೇನೆ.

"ನಾಳೆಯೇ ಆಪರೇಷನ್ ಮಾಡಿಸಿಬಿಡಿ" ಅನ್ನುವುದು ಇನ್ನೊಂದು ಬಗೆಯ ಭಯ. ಸಣ್ಣ ಗಡ್ಡೆಗಳು ಸಾಮಾನ್ಯವಾಗಿ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ವಯಸ್ಸಾದ ಕೆಲವರಿಗೆ ಡಾಕ್ಟರು ಸುಮ್ನೆ ಸ್ಕ್ಯಾನ್ ಮಾಡುತ್ತಾ ಕಾಯೋಣ ಅಂತಲೂ ಹೇಳುತ್ತಾರೆ. ಹಾಗಾಗಿ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಲು, ಮನೆಯಲ್ಲಿ ಕೂತು ಮಾತಾಡಲು ಬಹುತೇಕರಿಗೆ ಒಂದೆರಡು ವಾರ ಇದ್ದೇ ಇರುತ್ತದೆ. ನಿಮಗೆ ಇದೆಯಾ ಅಂತ ನಿಮ್ಮ ಡಾಕ್ಟರನ್ನು ನೇರವಾಗಿ ಕೇಳಿ.

ಆ ಒಂದೆರಡು ವಾರದಲ್ಲೇ ನಾಟಿ ಔಷಧದವರ ವಿಳಾಸ ಮನೆಗೆ ಬರುವುದು. ಚಾಕು ತಾಗಿದರೆ ಹರಡುತ್ತೆ, ಬೇರು ಅರೆದು ಕುಡಿದರೆ ಕರಗುತ್ತೆ ಅಂತ. ಇಲ್ಲಿ ನಾನು ಮೆತ್ತಗೆ ಮಾತಾಡುವುದಿಲ್ಲ. ನಮ್ಮ ಕಡೆ ಹಾವಿನ ವಿಷಕ್ಕೆ ಕೊಡುತ್ತಿದ್ದ ಈಶ್ವರಿ ಬೇರಿನ ಜಾತಿಯ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇರುತ್ತದೆ, ಅದು ಕಿಡ್ನಿಯನ್ನು ಹಾಳು ಮಾಡುತ್ತದೆ, ಮೂತ್ರನಾಳದ ಕ್ಯಾನ್ಸರನ್ನೂ ತರುತ್ತದೆ. ಯಾವ ಕಷಾಯದಲ್ಲಿ ಯಾವ ಬೇರಿದೆ ಅಂತ ನಿಮಗೆ ಗೊತ್ತಾ? ನೋವಿನ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ನುಂಗಬೇಡಿ.

ರಾತ್ರಿ ಮೂರು ಗಂಟೆಯ ವಿಷಯಕ್ಕೆ ಬರೋಣ. ಎಚ್ಚರ ಆಗುತ್ತದೆ, ಪಕ್ಕದಲ್ಲಿ ಹೆಂಡತಿ ನಿದ್ದೆ ಮಾಡುತ್ತಿರುವ ಹಾಗೆ ಮಲಗಿರುತ್ತಾರೆ, ಇವರೂ ಹಾಗೇ, ಇಬ್ಬರೂ ಕಣ್ಣು ಮುಚ್ಚಿಕೊಂಡು ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಬೆಳಗಾಗುವುದನ್ನೇ ಕಾಯುತ್ತಿರುತ್ತಾರೆ. ಹೊರಳಾಡಬೇಡಿ, ಎದ್ದು ಕೂತುಕೊಳ್ಳಿ. ಮೊಬೈಲ್ ಮುಟ್ಟಬೇಡಿ. ಉಸಿರನ್ನು ಒಳಗೆ ತಗೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ಐದಾರು ನಿಮಿಷ. ತಲೆಗೆ ಬಂದ ಪ್ರಶ್ನೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮುಚ್ಚಿ. ಸಂಜೆ ಆರಕ್ಕೆ ಇಪ್ಪತ್ತು ನಿಮಿಷ ಆ ಪುಸ್ತಕ ತೆಗೆದು, ಮನೆಯವರ ಎದುರಿಗೇ, ಜೋರಾಗಿ ಚಿಂತೆ ಮಾಡಿ. ತಮಾಷೆ ಅನಿಸಬಹುದು, ಆದರೆ ಚಿಂತೆಗೆ ಹೊತ್ತು ಗೊತ್ತು ಮಾಡಿದರೆ ಎಷ್ಟೋ ಜನರಿಗೆ ರಾತ್ರಿ ಹಗುರ ಆಗುತ್ತದೆ. ನೆಂಟರ ಫೋನ್ ಎಲ್ಲ ಒಬ್ಬರೇ ತೆಗೆಯಲಿ, ಅದೇ ಕಥೆ ದಿನಕ್ಕೆ ಹತ್ತು ಸಲ ಹೇಳುವುದು ರೋಗಿಯ ಕೆಲಸ ಅಲ್ಲ.

ಎರಡು ವಾರ ಆದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕಿ ಏನು ಅಂತ ಅನಿಸುತ್ತಿದೆ ಅಂದರೆ ಇಷ್ಟು ಸಾಲದು. ಬದುಕುವುದೇ ಬೇಡ ಅನಿಸಿದರಂತೂ ಒಂದು ದಿನವೂ ಕಾಯಬೇಡಿ. ಮನೋವೈದ್ಯರನ್ನು ನೋಡಿ, ಕಿಡ್ನಿ ತೊಂದರೆ ಇದೆ ಅಂತ ಅವರಿಗೆ ಮೊದಲೇ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಆವತ್ತು ಮಗ ಮೂರು ಕಾಫಿ ಹಿಡಿದು ಬಂದಾಗ ಮೇಷ್ಟ್ರು ಚೀಲದ ಗಂಟು ಬಿಚ್ಚಿ ಕವರನ್ನು ಮೇಜಿನ ಮೇಲಿಟ್ಟಿದ್ದರು. "ಕೂತ್ಕೊಳಪ್ಪ, ನಿನ್ನ ಪ್ರಶ್ನೆ ಏನಿದ್ರೂ ಬರಿ" ಅಂದರು. ಹುಡುಗ ಅಳಲು ಶುರು ಮಾಡಿದ, ಕಾಫಿ ಆರಿ ಹೋಯಿತು. ಅವನ ಪಟ್ಟಿ ಅಪ್ಪನದ್ದಕ್ಕಿಂತ ಉದ್ದ ಇತ್ತು.

ಆಪರೇಷನ್ ಆಗಿ ಒಂದೂವರೆ ವರ್ಷ ಆಯಿತು. ಸ್ಕ್ಯಾನಿನ ಹಿಂದಿನ ರಾತ್ರಿ ಮೇಷ್ಟ್ರು ಈಗಲೂ ನಿದ್ದೆ ಮಾಡುವುದಿಲ್ಲ. ಮುಂದಿನದು ದೀಪಾವಳಿಯ ಹಿಂದಿನ ದಿನವೇ ಬಂದಿದೆ, ಹಬ್ಬ ಮುಗಿದ ಮೇಲೆ ಇಟ್ಟುಕೊಳ್ಳಬಹುದಾ ಅಂತ ಮೊನ್ನೆ ಫೋನ್ ಮಾಡಿದ್ದರು. ಒಂದು ವಾರಕ್ಕೆ ಡಾಕ್ಟರು ಬೇಡ ಅನ್ನಲಾರರು, ಕೇಳಿ ಹೇಳ್ತೀನಿ ಮೇಷ್ಟ್ರೇ ಅಂದೆ.